ಕೊಲೆಗಾರನ ಬಾಯಿಗೆ ನಮ್ಮಪ್ಪನ ಮಾತು

ತಪ್ಪು ನನ್ನದೇ. ಸಿನಿಮಾದವರು ಸೋಲ್ ನಗರದ ಈ ಓಣಿಯಲ್ಲಿರುವ ನನ್ನ ಕುರಿಮಾಂಸದ ಹೋಟೆಲಿಗೆ ಬಂದು, "ಚುನ್‌ಸಿಲ್ ಅವರೇ, ನಮ್ಮ ನಟರೊಬ್ಬರಿಗೆ ನಿಮ್ಮ ಯೆನ್‌ಬಿಯನ್ ಕಡೆ ಮಾತು ಕಲಿಸ್ತೀರಾ?" ಎಂದಾಗ ಉಬ್ಬಿಹೋದೆ. ಚೀನಾದಲ್ಲಿ ತಲೆಮಾರುಗಳಿಂದ ನೆಲೆಸಿದ ಕೊರಿಯನ್ನರು ನಾವು; ಅಲ್ಲಿಂದ ಇಲ್ಲಿಗೆ ಬಂದು ಹನ್ನೊಂದು ವರ್ಷವಾಗಿತ್ತು. ನಮ್ಮ ಕೊರಿಯನ್ ಕೇಳಿದರೆ ಇಲ್ಲಿ ಮೂಗು ಮುರಿಯುವವರೇ ಎಲ್ಲ. ಅದನ್ನೇ ಕಲಿಯಲು ನಟನೊಬ್ಬ ನನ್ನೆದುರು ಕೈಕಟ್ಟಿ ಕೂತಿದ್ದ.

"ನಿಮ್ಮ ಕಡೆ ಮನೆಗೆ ಬಂದವ್ರನ್ನ ಮೊದ್ಲು ಏನಂತ ಮಾತಾಡಿಸ್ತಾರೆ?" ಎಂದು ಕೇಳಿದ.

"ಉಂಡೀ ಏನ? ಬಾ, ಕುಂದ್ರು. ಜಗಳಕ್ಕ ಬಂದಾವ್ರಿಗೂ ನಮ್ಮಪ್ಪ ಹಂಗ ಅಂತಿದ್ದ."

ನಾಲ್ಕು ದಿನ ಕಲಿಸಿದೆ. ರಾಗ ತಪ್ಪಿದಾಗೆಲ್ಲ ಬೈದೆ. ಕೊನೆಗೆ ಅಪ್ಪನೇ ಎದ್ದುಬಂದಂತೆ ಅಂದುಬಿಟ್ಟ. ನನ್ನ ಕಣ್ಣು ತುಂಬಿತು. ಪಾತ್ರ ಎಂಥದು ಎಂದು ಕೇಳುವ ಬುದ್ಧಿ ಮಾತ್ರ ಬರಲಿಲ್ಲ.

ಪಾತ್ರ ಕೊಲೆಗಾರನದು. ಬಾಗಿಲು ತೆರೆಯುತ್ತಾನೆ, ನಗುತ್ತಾನೆ, "ಉಂಡೀ ಏನ? ಬಾ, ಕುಂದ್ರು" ಅನ್ನುತ್ತಾನೆ, ಆಮೇಲೆ ಕೊಡಲಿ ಎತ್ತುತ್ತಾನೆ. ಸಿನಿಮಾದ ಉದ್ದಕ್ಕೂ ನಮ್ಮವರೆಲ್ಲ ಕೊಡಲಿ ಹಿಡಿದವರೇ. ಪಾತ್ರೆ ತೊಳೆಯುವವಳು ಒಬ್ಬಳಿಲ್ಲ, ಇಟ್ಟಿಗೆ ಹೊರುವವನು ಒಬ್ಬನಿಲ್ಲ. ಇಂಥ ಸಿನಿಮಾ ಇದೇ ಮೊದಲೂ ಏನಲ್ಲ. ಊರೆಲ್ಲ ಮುಗಿಬಿದ್ದು ನೋಡಿತು.

"ಚಿಕ್ಕಮ್ಮಾ, ಒಂದ್ಸಲ 'ಉಂಡೀ ಏನ' ಅನ್ನಿ, ಪ್ಲೀಸ್!" ಎಂದು ಗಿರಾಕಿಗಳು ಬಾಗಿಲಲ್ಲೇ ಕೊಡಲಿ ಏಟು ಬಿದ್ದವರಂತೆ ಕತ್ತು ಹಿಡಿದುಕೊಂಡು ನಗುತ್ತಿದ್ದರು. ನಾನೂ ಹಲ್ಲು ಕಿರಿದು ಅನ್ನುತ್ತಿದ್ದೆ. ವ್ಯಾಪಾರ, ಏನು ಮಾಡಲಿ?

ಒಂದು ಸಂಜೆ ಮಗಳು ಹೊಂಗ್‌ಮೆ ಶಾಲೆಯಿಂದ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಊಟದ ಹಾಲ್‌ನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂಟಿಯಾಗಿ ನಿಂತಿದ್ದಳಂತೆ. ಪಾಪ ಎಂದು ಇವಳು ಹತ್ತಿರ ಹೋಗಿ, "ಉಂಡೀ ಏನ? ಬಾ, ಕುಂದ್ರು" ಎಂದಿದ್ದಾಳೆ. ಸುತ್ತಲಿನವರು ಕಿರುಚಿಕೊಂಡು, ತಟ್ಟೆ ಎತ್ತಿಕೊಂಡು ಓಡಿದರಂತೆ. ಅವರದ್ದು ಆಟ. ಆ ಹುಡುಗಿ ಮಾತ್ರ ನಿಜವಾಗಿಯೂ ಹೆದರಿ ಅತ್ತಳಂತೆ.

"ಅವ್ವಾ, ಆ ಸಿನಿಮಾದಾವ ಅದನ್ನ ಎಲ್ಲಿ ಕಲ್ತ? ಥೇಟ್ ಅಜ್ಜನ ಹಂಗ ಅಂತಾನ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಾನ ಕಲ್ಸೀನಿ, ಮಗಳ."

ಅವಳು ಶಾಲೆಯ ಚೀಲ ಕೆಳಗಿಟ್ಟಳು. ಆಮೇಲೆ, "ಇನ್ಮೇಲೆ ನನ್ನನ್ನ ಹಾಗೆ ಕೇಳ್ಬೇಡಿ, ಅಮ್ಮ" ಎಂದಳು. ಅಪ್ಪಟ ಸೋಲ್ ಮಾತು. ಒಂದೂ ರಾಗ ತಪ್ಪಿರಲಿಲ್ಲ.

ಅನ್ನ, ಸಾರು ತಂದು ಅವಳ ಮುಂದಿಟ್ಟೆ. ಮುಟ್ಟಲಿಲ್ಲ. ಮಧ್ಯಾಹ್ನವಾದರೂ ಏನಾದರೂ ತಿಂದಿದ್ದಳೋ ಇಲ್ಲವೋ. ಕೇಳೋಣವೆಂದರೆ, ಅದನ್ನು ಕೇಳಲು ನನಗೆ ಬೇರೆ ಮಾತು ಬರುವುದಿಲ್ಲ.