ಅಳಿಯನಿಗೆ ಹೇಳಿದ ಬಾಡಿಗೆ

ಹೊರಗಿನವರಿಗೆ ಮನೆ ಬಾಡಿಗೆ ಕೊಡುವುದು ಕಷ್ಟದ ಕೆಲಸವಲ್ಲ. ನಾವು ಇಷ್ಟು ಅನ್ನಬೇಕು, ಅವರು ಇಷ್ಟೇ ಅನ್ನಬೇಕು, ನಡುವೆ ಎಲ್ಲೋ ಒಂದು ಕಡೆ ಇಬ್ಬರೂ ಗೊಣಗುತ್ತ ಒಪ್ಪಬೇಕು. ಗದಗಿನಲ್ಲಿ ನಮ್ಮ ಗುಡಿ ಓಣಿಯ ತುಳಸಾಬಾಯಿ ಹೀಗೆ ಎಷ್ಟೋ ಮಂದಿಗೆ ಮನೆ ಕೊಟ್ಟವಳು. ಆಕೆಯ ಗಂಡ ಶಾಲೆಯ ಮಾಸ್ತರನಾಗಿದ್ದ. ಪಂಢರಪುರದ ಯಾತ್ರೆಗೆ ಹೋದವನು ವಾಂತಿಭೇದಿಯಾಗಿ ಅಲ್ಲೇ ತೀರಿಕೊಂಡ. ಉಳಿದದ್ದು ಈ ಮನೆ, ಮತ್ತು ಅಂಬು ಎಂಬ ಒಬ್ಬಳೇ ಮಗಳು. ಮಗಳನ್ನು ಶಿರಹಟ್ಟಿಗೆ ಕೊಟ್ಟದ್ದಾಯಿತು. ಮನೆಯ ಹಿಂದಿನ ಭಾಗದಲ್ಲಿ ಅಡುಗೆಮನೆ, ದೇವರಕೋಣೆ ಮತ್ತು ತುಳಸಾಬಾಯಿ. ಮುಂದಿನ ಪಡಸಾಲೆ, ಎರಡು ಖೋಲಿ ಬಾಡಿಗೆಗೆ. ಆ ಬಾಡಿಗೆಯಲ್ಲಿಯೇ ಆಕೆಯ ಒಲೆ ಹೊತ್ತಬೇಕು.

ಮುಳಗುಂದದ ಒಬ್ಬ ಗುಮಾಸ್ತ, ರೈತರ ಅರಳೆ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಇದ್ದವನು, ಬಹಳ ವರ್ಷ ಆ ಪಡಸಾಲೆಯಲ್ಲಿ ಸಂಸಾರ ಮಾಡಿದ. ತಿಂಗಳಿಗೆ ಹನ್ನೆರಡು ರೂಪಾಯಿ ಕೊಡುತ್ತಿದ್ದ. ಅವನ ಹೆಂಡತಿ ನಸುಕಿನಲ್ಲೆದ್ದು ರೊಟ್ಟಿ ಬಡಿಯುವ ಸಪ್ಪಳ ಗೋಡೆಯಾಚೆಯಿಂದ ಕೇಳುತ್ತಿತ್ತು. ಆ ಸಪ್ಪಳದಿಂದ ಜಪ ಕೆಡುತ್ತದೆ ಎಂದು ತುಳಸಾಬಾಯಿ ದೂರು ಹೇಳದ ದಿನವಿರಲಿಲ್ಲ. ಆದರೆ ಗುಮಾಸ್ತ ಊರಿನ ಹೊಲ ನೋಡಿಕೊಳ್ಳಲು ಮುಳಗುಂದಕ್ಕೆ ತಿರುಗಿ ಹೋದ ಮೇಲೆ ಆಕೆಗೆ ಬೆಳಗಾದದ್ದೇ ಗೊತ್ತಾಗದ ಹಾಗಾಯಿತು. ಮಾಡಿದ ಸಾರು ಒಬ್ಬಳಿಗೇ ಹೆಚ್ಚಾಗುತ್ತಿತ್ತು. ಉಂಡೆಯಾ ಎಂದು ಕೇಳುವವರಿಲ್ಲದಿದ್ದರೆ ಉಣ್ಣುವುದೂ ಒಂದು ಕೆಲಸವೇ ಆಗಿಬಿಡುತ್ತದೆ.

ಅಷ್ಟರಲ್ಲಿ ಶಿರಹಟ್ಟಿಯಿಂದ ಸುದ್ದಿ ಬಂತು. ಅಳಿಯ ಮಾರ್ತಾಂಡ ಅಲ್ಲಿ ಸಾಂಗ್ಲಿ ಸಂಸ್ಥಾನದ ಕಚೇರಿಯಲ್ಲಿ ಕಾರಕೂನನಾಗಿದ್ದ. ಸ್ವರಾಜ್ಯ ಬಂದ ಮರುವರ್ಷ ಸಂಸ್ಥಾನ ಹೋಗಿ ಮುಂಬಯಿ ಸರಕಾರದಲ್ಲಿ ಕೂಡಿಕೊಂಡಿತು. ರಾಜರ ನೌಕರರೆಲ್ಲ ಒಂದೇ ದಿನದಲ್ಲಿ ಸರಕಾರದ ನೌಕರರಾದರು, ಮತ್ತು ಯಾರು ಎಲ್ಲಿಗೆ ಎಂದು ತಿಳಿಯದೆ ಕೂತರು. ಮಾರ್ತಾಂಡನಿಗೆ ಗದಗಿನ ಮಾಮಲೇದಾರ ಕಚೇರಿ ಸಿಕ್ಕಿತು. ಗದಗಿನಲ್ಲಿ ಆತನಿಗೆ ಮನೆ ಬೇಕು. ತುಳಸಾಬಾಯಿಯ ಮುಂದಿನ ಪಡಸಾಲೆ ಖಾಲಿ ಇದೆ. ಇದರಲ್ಲಿ ವಿಚಾರ ಮಾಡುವುದೇನಿದೆ ಎಂದು ನಿಮಗನಿಸಬಹುದು. ನಮ್ಮ ಓಣಿಯವರಿಗೆ ಹಾಗೆ ಅನಿಸಲಿಲ್ಲ, ತುಳಸಾಬಾಯಿಗಂತೂ ಅನಿಸಲೇ ಇಲ್ಲ.

ನಮ್ಮಲ್ಲಿ ಮಗಳನ್ನು ಧಾರೆ ಎರೆದು ಕೊಟ್ಟ ಮೇಲೆ, ಅವಳ ಹೊಟ್ಟೆಯಲ್ಲಿ ಒಂದು ಕೂಸು ಹುಟ್ಟುವ ತನಕ ಹೆತ್ತವರು ಅವಳ ಮನೆಯ ನೀರು ಸಹ ಕುಡಿಯುವುದಿಲ್ಲ. ಅಂಬುಗೆ ಇನ್ನೂ ಮಕ್ಕಳಿರಲಿಲ್ಲ. ಮದುವೆಯಾದಾಗಿನಿಂದ ತುಳಸಾಬಾಯಿ ಶಿರಹಟ್ಟಿಯ ಬೀಗರ ಮನೆಗೆ ಹೋದದ್ದು ಒಂದೇ ಸಲ. ಬಿಸಿಲಿನಲ್ಲಿ ಹೋಗಿ, ಹಾಗೆಯೇ ಬಾಯಿ ಒಣಗಿಸಿಕೊಂಡು ತಿರುಗಿ ಬಂದಿದ್ದಳು. ನೀರನ್ನೇ ಮುಟ್ಟದವಳು ಅಳಿಯನ ರೊಕ್ಕ ಮುಟ್ಟುವುದು ಹೇಗೆ? ಮುಟ್ಟುವುದಿಲ್ಲ, ಪುಕ್ಕಟೆ ಇರಿ ಎಂದರೆ ಅಳಿಯ ಬರುವುದಿಲ್ಲ. ಅತ್ತೆಯ ಮನೆಯಲ್ಲಿ ಪುಕ್ಕಟೆ ಬಿದ್ದಿರುವವನಿಗೆ ಓಣಿಯ ಜನ ಮನೆಅಳಿಯ ಎಂದು ಹೆಸರಿಟ್ಟು, ಅವನು ಬದುಕಿರುವ ತನಕ ಕರೆಯುತ್ತಾರೆ. ಐದೋ ಆರೋ ಎಂದು ಕಡಿಮೆ ಹೇಳಿದರೆ ಅದಕ್ಕಿಂತ ಕೆಟ್ಟದ್ದು, ಕನಿಕರ ತೋರಿಸಿದ ಹಾಗೆ. ಅತ್ತ ದರಿ, ಇತ್ತ ಪುಲಿ.

ಒಂದು ವಾರ ಆಕೆಗೆ ಇದೇ ಚಿಂತೆ. ಆಕೆಗೆ ಬೇಕಾದದ್ದು ಬಾಡಿಗೆಯಲ್ಲ, ಮಗಳು. ಮಗಳು ಗೋಡೆಯಾಚೆ ಇರಬೇಕು, ಪಾತ್ರೆ ಬೀಳಿಸಬೇಕು, ಕೆಮ್ಮಬೇಕು, ಬೆಳಿಗ್ಗೆ ಹಿತ್ತಲ ಬಾವಿಯಲ್ಲಿ ನೀರು ಸೇದುವಾಗ ಸೀರೆಯ ಸೆರಗು ಕಾಣಬೇಕು. ಮನಸ್ಸಿನಲ್ಲೇ ಗುಣಿಸಿ ಭಾಗಿಸಿ ಆಕೆ ಕಡೆಗೆ ಒಂದು ಉಪಾಯ ಕಂಡುಕೊಂಡಳು. ಹನ್ನೆರಡೇ ಹೇಳುವುದು, ಗುಮಾಸ್ತ ಕೊಡುತ್ತಿದ್ದಷ್ಟೇ. ಅಳಿಯ ತಲೆಯೆತ್ತಿ ಓಣಿಯಲ್ಲಿ ಓಡಾಡಲಿ. ಬಂದ ರೊಕ್ಕದಲ್ಲಿ ಒಂದು ದುಡ್ಡನ್ನೂ ಉಣ್ಣದೆ, ನಾಗರಪಂಚಮಿಗೆ ಒಂದು ಸೀರೆ, ದೀಪಾವಳಿಗೆ ಅಳಿಯನಿಗೆ ಧೋತರದ ಜೋಡಿ, ದೇವರು ಕಣ್ಣು ತೆರೆದು ಅಂಬು ಬಸಿರಾದರೆ ಕುಪ್ಪಸದ ಕಾರ್ಯಕ್ಕೆ ಬಂಗಾರ, ಹೀಗೆ ಎಲ್ಲವನ್ನೂ ತಿರುಗಿ ಮಗಳ ಮಡಿಲಿಗೆ ಹಾಕುವುದು. ತನ್ನ ಹೊಟ್ಟೆಗೆ ನಾಲ್ಕು ಮನೆಯವರಿಗೆ ಹಪ್ಪಳ, ಶಾವಿಗೆ ಮಾಡಿಕೊಟ್ಟರಾಯಿತು. ಪಾಪವೂ ಇಲ್ಲ, ಅಪಮಾನವೂ ಇಲ್ಲ. ಇಷ್ಟು ಚೆಂದದ ಲೆಕ್ಕವನ್ನು ಆಕೆ ಯಾರಿಗೂ ಹೇಳಲಿಲ್ಲ. ಕೊಡುವುದನ್ನು ಮೊದಲೇ ಹೇಳಿದರೆ ಅದು ಉಡುಗೊರೆ ಹೇಗಾದೀತು?

ಇನ್ನು ಹೇಳುವವರು ಯಾರು? ಅತ್ತೆಯಾದವಳು, ಅದರಲ್ಲೂ ಗಂಡನಿಲ್ಲದವಳು, ಅಳಿಯನ ಎದುರು ನಿಂತು ಮಾತನಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಒಳಗಿನ ಬಾಗಿಲ ಮರೆಯಲ್ಲಿ ಆಕೆ, ಹೊರಗಿನ ಜಮಖಾನೆಯ ಮೇಲೆ ಅಳಿಯ, ನಡುವೆ ಒಬ್ಬರು. ಆ ಒಬ್ಬರು ಮೈದುನ ನರಸಿಂಹರಾಯರು. ಓಣಿಯ ಅರ್ಧ ಮದುವೆಗಳನ್ನು ತಾವೇ ಕುದುರಿಸಿದ್ದು ಎಂದು ಅವರ ನಂಬಿಕೆ. ಮುರಿದವುಗಳ ಲೆಕ್ಕವನ್ನು ಅವರು ಇಟ್ಟಿರಲಿಲ್ಲ.

ಮಾರ್ತಾಂಡ ಬಂದ. ಮೆತ್ತಗಿನ ಮನುಷ್ಯ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಕೂತಿದ್ದ. ಖೋಲಿಗಳನ್ನು ನೋಡಿದ, ಗಾಳಿ ಬೆಳಕು ಚೆನ್ನಾಗಿದೆ ಎಂದ. ಬಾಗಿಲ ಮರೆಯಲ್ಲಿ ತುಳಸಾಬಾಯಿ ಕಿವಿಗೊಟ್ಟು ನಿಂತಿದ್ದಳು. ಅತ್ತೆಯವರ ಅಪ್ಪಣೆ ಎಷ್ಟು ಎಂದು ಅಳಿಯ ನರಸಿಂಹರಾಯರನ್ನು ಕೇಳಿದ. ರಾಯರು ಒಳಬಾಗಿಲ ಕಡೆ ಕತ್ತು ಹೊರಳಿಸಿ, ಆಕೆಗೆ ಎಲ್ಲ ಕೇಳಿಸಿದ್ದರೂ ಅದನ್ನೇ ಮತ್ತೆ ಕೇಳಿದರು. ಆಕೆ ಒಳಗಿನಿಂದಲೇ ಹೇಳಿದಳು:

"ಹಿಂದಿನವರು ಹನ್ನೆರಡು ಕೊಡ್ತಿದ್ರು. ಅಷ್ಟ ಕೊಟ್ರ ಆತು ಅಂತ ಹೇಳ್ರಿ."

ಹೇಳಿ ಕಾದಳು. ರಾಯರು ಅತ್ತಿಗೆಯ ಕಡೆ ತಿರುಗಿ, ವೈನಿ, ಮನೆಯವರಿಗೆ ಇಷ್ಟೇಕೆ, ಎರಡು ರೂಪಾಯಿ ಬಿಡ್ರಿ, ಎಂದು ಒಂದು ಮಾತು ಅಂದಾರು ಎಂದು ಆಕೆಯ ಎಣಿಕೆ. ಹತ್ತಕ್ಕೆ ಇಳಿಯಲು ಆಕೆ ತಯಾರಾಗಿದ್ದಳು. ಇಳಿದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಸಲಿಗೆ ಬೆಳೆಯುತ್ತದೆ. ಆದರೆ ಅಳಿಯ ಅತ್ತೆಯೊಡನೆ ಚೌಕಾಶಿ ಮಾಡುವುದುಂಟೇ? ಮಾರ್ತಾಂಡ ತಲೆ ತಗ್ಗಿಸಿ "ಆತ್ರಿ" ಎಂದ. ರಾಯರು ಇಷ್ಟು ಜಲ್ದಿ ಮುಗಿದ ವ್ಯವಹಾರವನ್ನು ಜನ್ಮದಲ್ಲಿ ನೋಡಿರಲಿಲ್ಲ; ಸಂತೋಷದಿಂದ ಇನ್ನೊಂದು ಬಟ್ಟಲು ಅವಲಕ್ಕಿ ಕೇಳಿ ತಿಂದರು.

ಮರುದಿನವೇ ತುಳಸಾಬಾಯಿ ಸುಣ್ಣ ತರಿಸಿದಳು. ಪಡಸಾಲೆಗೆ ಸುಣ್ಣ ಬಳಿಸಿದಳು, ಖೋಲಿಗಳ ನೆಲ ಸಾರಿಸಿದಳು, ಬಾವಿಯ ಗಡಗಡಿಗೆ ಎಣ್ಣೆ ಹಾಕಿಸಿದಳು. ಅಂಬುಗೆ ಬದನೆಕಾಯಿ ಎಣಗಾಯಿ ಇಷ್ಟ ಎಂದು ಹಿತ್ತಲಲ್ಲಿ ಬದನೆ ಸಸಿ ಹಚ್ಚಿದಳು. ನಮ್ಮ ಓಣಿಯಲ್ಲಿ ಆಕೆ ನಕ್ಕದ್ದನ್ನು ಕಂಡವರು ಕಡಿಮೆ. ಆ ಹತ್ತು ಹನ್ನೆರಡು ದಿನಗಳಲ್ಲಿ ಕಂಡೆವು.

ಆಮೇಲೆ ನರಸಿಂಹರಾಯರು ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕೂತರು. ಅಳಿಯಂದಿರು ಬೆಟಗೇರಿಯಲ್ಲಿ ಮನೆ ಹಿಡಿದರಂತೆ. ನೇಕಾರರ ಓಣಿ, ಎರಡು ಸಣ್ಣ ಖೋಲಿ, ನೀರನ್ನು ಹೊರಗಿನಿಂದ ಹೊತ್ತು ತರಬೇಕು, ಬಾಡಿಗೆ ಹದಿನೈದು. ಸಾಮಾನು ಇಳಿಸಿದ್ದೂ ಆಯಿತಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡ್ರಿ ವೈನಿ, ಎಂದು ರಾಯರು ನಿಟ್ಟುಸಿರು ಬಿಟ್ಟರು. ಯಾಕೆ ಎಂದು ಅಳಿಯನನ್ನು ಕೇಳಿದಿರಾ ಎಂದರೆ, ಕೇಳುವುದು ಚೆಂದ ಕಾಣುವುದಿಲ್ಲ ಎಂದರು. ಹೋದ ಪುಟ್ಟಾ ಬಂದ ಪುಟ್ಟಾ ಎನ್ನುವುದು ಇವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ತುಳಸಾಬಾಯಿ ಅತ್ತಳೋ ಇಲ್ಲವೋ, ನಾವು ನೋಡಲಿಲ್ಲ. ಹೆಚ್ಚು ಕೊಟ್ಟು ಸಣ್ಣ ಮನೆಗೆ ಹೋದರಲ್ಲ ಎಂಬುದೇ ಆಕೆಗೆ ಅರ್ಥವಾಗಲಿಲ್ಲ. ತನ್ನ ಗೋಡೆಯ ಪಕ್ಕದಲ್ಲಿ ಇರಲು ಮಗಳಿಗೇ ಮನಸ್ಸಿಲ್ಲ ಎಂದು ತಿಳಿದುಕೊಂಡಳು. ಕೇಳಬಹುದಿತ್ತು. ಕೇಳಿದರೆ ಬೇಡಿದ ಹಾಗಾಗುತ್ತದೆ ಎಂದು ಕೇಳಲಿಲ್ಲ. ಗಟ್ಟಿ ಹೆಣ್ಣುಮಗಳು ಎಂದು ಓಣಿ ಹೊಗಳಿತು. ಇಂಥ ಗಟ್ಟಿತನಕ್ಕೆ ಏನೆನ್ನಬೇಕೋ ನನಗೆ ಗೊತ್ತಿಲ್ಲ.

ಶಿರಹಟ್ಟಿಯಲ್ಲಿದ್ದಾಗ ಮಗಳು ದೂರ ಇದ್ದಳು, ಬಸ್ಸು, ದಾರಿ ಎಂದು ಅದಕ್ಕೊಂದು ನೆಪ ಇತ್ತು. ಬೆಟಗೇರಿ ಟಾಂಗಾ ಹತ್ತಿದರೆ ಬರುವ ಊರು. ಆದರೆ ಹೋಗಿ ಏನು ಮಾಡುವುದು, ನೀರು ಕುಡಿಯುವ ಹಾಗಿಲ್ಲ. ಅಂಬು ಆಗಾಗ ಬರುತ್ತಿದ್ದಳು. ದೇವರ ಮುಂದಿನ ಕುಂಕುಮ ಹಚ್ಚಿಕೊಂಡು, ಊರ ಸುದ್ದಿ ಹೇಳಿ, ದೀಪ ಹಚ್ಚುವ ಮೊದಲೇ ಎದ್ದು ಹೋಗುತ್ತಿದ್ದಳು. ಪಡಸಾಲೆ ದಾಟುವಾಗ ಬೀಗ ಹಾಕಿದ ಖೋಲಿಯನ್ನು ನೋಡುತ್ತಿದ್ದಳು. ಮನೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಬಾಡಿಗೆ ಕೇಳಿ ಬಂದವರಿಗೆ ತುಳಸಾಬಾಯಿ, ಬರುವವರು ಇದ್ದಾರೆ ಎಂದು ಹೇಳಿ ಕಳಿಸುತ್ತಿದ್ದಳು. ಹಪ್ಪಳ ಲಟ್ಟಿಸಿ ಲಟ್ಟಿಸಿ ಆಕೆಯ ಮಣಿಕಟ್ಟು ಬಾತಿತ್ತು. ಸುಣ್ಣ ಬಳಿದ ಗೋಡೆಗೆ ಜೇಡ ಬಲೆ ಕಟ್ಟಿತು.

ಮರುವರ್ಷದ ಪಂಚಮಿಗೆ ಅಂಬು ತವರಿಗೆ ಬಂದಳು. ತುಳಸಾಬಾಯಿ ಎಳ್ಳಿನುಂಡಿ, ಶೇಂಗಾದುಂಡಿ ಕಟ್ಟಿದ್ದಳು. ತಾಯಿ ಮಗಳು ಹಿಂದಿನ ಬಾಗಿಲಲ್ಲಿ ಕೂತಿದ್ದರು. ಮುಂದಿನ ವಾರ ಮುಂಡರಗಿಗೆ ಹೋಗುತ್ತೇವೆ, ಅವರಿಗೆ ಅಲ್ಲಿಗೆ ಬದಲಿಯಾಗಿದೆ, ಎಂದಳು ಅಂಬು. ತುಳಸಾಬಾಯಿಯ ಕೈಯಲ್ಲಿದ್ದ ಉಂಡಿ ಅಲ್ಲೇ ಉಳಿಯಿತು. ಅಷ್ಟು ದಿನ ಹಿಡಿದಿಟ್ಟ ಮಾತು ಆಗ ಹೊರಗೆ ಬಂತು. ಮೂರು ರೂಪಾಯಿ ಹೆಚ್ಚು ಕೊಟ್ಟು ಬೆಟಗೇರಿಯಲ್ಲಿ ಇದ್ದಿರಿ, ನಿನ್ನ ಗಂಡನಿಗೆ ನಾನು ಅಷ್ಟು ಬೇಡವಾದೆನೇ, ಎಂದು ಕೇಳಿದಳು.

ಅಂಬು ತಾಯಿಯ ಮುಖ ನೋಡಿದಳು.

"ಬ್ಯಾಡಾಗಿದ್ದು ಯಾರಿಗವ್ವಾ? ಗುಮಾಸ್ತಗ ಹೇಳಿದ್ದ ರೊಕ್ಕಾನ ಅವರಿಗೂ ಹೇಳಿದಿ. ಅತ್ತಿಯವರಿಗೆ ನಾವು ಬರೋದು ಮನಸ್ಸಿಲ್ಲ, ಬಾಯಿಬಿಟ್ಟು ಬ್ಯಾಡ ಅನ್ನಲಾರದ ಹೊರಗಿನವರ ಬಾಡಿಗಿ ಹೇಳಿದ್ರು ಅಂತ ಅವರು ಮನಿಗೆ ಬಂದು ಹೇಳಿದ್ರು."

ತುಳಸಾಬಾಯಿ ತನ್ನ ಲೆಕ್ಕವನ್ನೆಲ್ಲ ಆಗ ಹೇಳಿದಳು. ಪಂಚಮಿಯ ಸೀರೆ, ದೀಪಾವಳಿಯ ಧೋತರ, ಮನೆಅಳಿಯ ಎಂದು ಜನ ಆಡಿಕೊಳ್ಳಬಾರದೆಂದು ತಾನು ಪಟ್ಟ ಚಿಂತೆ, ಎಲ್ಲ. ಅಂಬು ಕೇಳುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಅಂದಳು:

"ಅವರ ಮಾನ ನೀ ನೋಡಿದಿ, ನಿನ್ನ ಮನಸ್ಸು ಅವರು ನೋಡಿದ್ರು. ನನ್ನ ಒಂದು ಮಾತು ಯಾರೂ ಕೇಳಲಿಲ್ಲ. ಹಗಲೆಲ್ಲಾ ಮಗ್ಗದ ಸಪ್ಪಳ ಕೇಳಿಕೋತ ಕೂತಿರ್ತಿದ್ದೆ ಅವ್ವಾ, ಮಾತಾಡ್ಲಿಕ್ಕೆ ಒಂದು ಜೀವ ಇರಲಿಲ್ಲ. ನೀ ಐವತ್ತು ಹೇಳಿದ್ರೂ ನಾ ಬರ್ತಿದ್ದೆ."

ಏನಾದರೂ ಹೇಳಬೇಕಲ್ಲ ಎಂದು ತುಳಸಾಬಾಯಿ, ಮುಂಡರಗಿಯಲ್ಲಿ ಬಾಡಿಗೆ ಎಷ್ಟಂತೆ ಎಂದು ಕೇಳಿದಳು. ನನಗೆ ಯಾರು ಹೇಳುತ್ತಾರೆ ಎಂದು ಅಂಬು ಎದ್ದು ಮುಖ ತೊಳೆದುಕೊಂಡಳು. ಉಂಡಿಯ ಗಂಟು ಕಟ್ಟಿಕೊಂಡು ಸಂಜೆಯ ಟಾಂಗಾದಲ್ಲಿ ಹೋದಳು. ನಮ್ಮ ಓಣಿಯ ಹೆಣ್ಣುಮಕ್ಕಳು ಅಲ್ಲಿ ಜೋಕಾಲಿ ಆಡುತ್ತಿದ್ದರು, ಟಾಂಗಾಕ್ಕೆ ದಾರಿ ಬಿಡಲು ಜೋಕಾಲಿ ನಿಲ್ಲಿಸಬೇಕಾಯಿತು.

ಶ್ರಾವಣ ಮುಗಿಯುವ ಮೊದಲು ಹಿರೇಹಂದಿಗೋಳದಿಂದ ತಿರಕಪ್ಪ ಎಂಬ ಹೊಸ ಮಾಸ್ತರ ಮನೆ ಹುಡುಕುತ್ತ ಬಂದ. ಹೆಂಡತಿ, ಇಬ್ಬರು ಮಕ್ಕಳು ಇದ್ದಾರೆ ಎಂದ. ತುಳಸಾಬಾಯಿ ತಾನೇ ಬೀಗ ತೆಗೆದು ಖೋಲಿ ತೋರಿಸಿದಳು. ಈ ಸಲ ಬಾಗಿಲ ಮರೆಯಿರಲಿಲ್ಲ, ನಡುವೆ ನರಸಿಂಹರಾಯರೂ ಇರಲಿಲ್ಲ. ಬಾಡಿಗಿ ಎಷ್ಟರೀ ಎಂದು ಅವನು ಅಂಜುತ್ತ ಕೇಳಿದ.

"ನಿಮಗ ಎಷ್ಟು ಆಗ್ತದ ಅಷ್ಟು ಕೊಡ್ರಿ. ಕೊಡದಿದ್ರೂ ನಡೀತದ. ಮನಿಯೊಳಗ ಮಂದಿ ಇರಬೇಕು ನೋಡ್ರಿ, ಅಷ್ಟ."

ಮಾಸ್ತರ ಗೋಡೆ ನೋಡಿದ, ಜಂತಿ ನೋಡಿದ, ಜೇಡನ ಬಲೆ ನೋಡಿದ. ಗದಗಿನಂಥ ಊರಿನಲ್ಲಿ, ಗುಡಿಯ ಹತ್ತಿರ, ಬಾವಿಯಿರುವ ಮನೆ ಪುಕ್ಕಟೆಗೆ ಸಿಗುತ್ತದೆ ಎಂದರೆ ಯಾರಿಗಾದರೂ ಅನುಮಾನ ಬರುವುದೇ. ಅವನು ಎರಡು ಹೆಜ್ಜೆ ಹಿಂದೆ ಸರಿದು ಕೇಳಿದ:

"ತಪ್ಪು ತಿಳ್ಕೋಬ್ಯಾಡ್ರಿ. ಈ ಮನ್ಯಾಗ ಯಾರರ ಸತ್ತಿದ್ರೇನ್ರಿ? ಕಾಟ ಗೀಟ ಐತೇನು?"

"ಇಲ್ಲಪ್ಪಾ," ಎಂದಳು ತುಳಸಾಬಾಯಿ. "ಇಲ್ಲೆ ಯಾರೂ ಸತ್ತಿಲ್ಲ. ಎಲ್ಲಾರೂ ಬದುಕಿದ್ದಂಗನ ಹೋದವರು."

ಹೆಂಡತಿಯನ್ನು ಕೇಳಿ ನಾಳೆ ಬರುತ್ತೇನೆ ಎಂದು ಹೇಳಿ ಹೋದ ಮಾಸ್ತರ ಮರುದಿನ ಬರಲಿಲ್ಲ.