ಕೊರಳ ಕಾರ್ಡು

"ಏಯ್ ಮುದುಕಿ, ಈ ವಯಸ್ಸಲ್ಲೂ ಗಿರಾಕಿ ಸಿಗ್ತಾರೇನೇ ನಿಂಗೆ?"

ಯಶವಂತಪುರದ ಮೇಲ್ಸೇತುವೆಯ ಕೆಳಗೆ ಪೇದೆ ಲಾಠಿ ಅಡ್ಡ ಹಿಡಿದಾಗ ದೊಡ್ಡಮುನಿಯಮ್ಮನಿಗೆ ಸಿಟ್ಟಿಗಿಂತ ಮೊದಲು ಸುಸ್ತು ಬಂತು. ಹಗಲೆಲ್ಲ ಕಂಡವರ ಮನೆ ಪಾತ್ರೆ ತಿಕ್ಕಿ, ರಾತ್ರಿಯ ಆಸ್ಪತ್ರೆ ಕೆಲಸಕ್ಕೆಂದು ಮತ್ತಿಕೆರೆಯಿಂದ ಕಾಲೆಳೆದುಕೊಂಡು ಬಂದಿದ್ದಳು. ಆಸ್ಪತ್ರೆಯ ವ್ಯಾನು ನರ್ಸಮ್ಮಗಳನ್ನು ಬಾಗಿಲಿಗೇ ಬಂದು ಹತ್ತಿಸಿಕೊಳ್ಳುತ್ತದೆ. ಕಕ್ಕಸು ತೊಳೆಯುವವರು ಹತ್ತಿದರೆ ಸೀಟು ನಾರುತ್ತದಂತೆ. ಇನ್ನೊಂದು ಸಲ ತಡವಾಗಿ ಹಾಜರಿಯ ಹೆಬ್ಬೆಟ್ಟು ಒತ್ತಿದರೆ ಮನೆಗೆ ನಡಿ ಎಂದು ಸೂಪರ್‌ವೈಸರ್ ಸಿದ್ದಲಿಂಗ ನಿನ್ನೆಯೇ ಹೇಳಿದ್ದ.

"ನೈಟ್ ಡೂಟಿಗೋಗ್ತಾ ಇವ್ನಿ ಸಾಮಿ."

ಪೇದೆ ಜೀಪಿನ ಕಡೆ ತಿರುಗಿ ಹಲ್ಲು ಕಿರಿದ. "ಕೇಳಿದ್ರಾ ಸಾರ್? ಇವಳ್ದೂ ನೈಟ್ ಡ್ಯೂಟಿಯಂತೆ." ಒಳಗೆ ಕೂತಿದ್ದ ಎಸ್‌ಐ ಮೊಬೈಲಿನಿಂದ ತಲೆಯೆತ್ತಲಿಲ್ಲ.

ಈ ಸೇತುವೆಯಡಿ ಆ ಮಾತಿಗೆ ಬೇರೆಯೇ ಅರ್ಥವಿದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕಂಬದ ಬಳಿ ತಲೆತಗ್ಗಿಸಿ ನಿಂತಿದ್ದ ಭಾಗ್ಯಶ್ರೀಯೂ ತಾಯಿಗೆ ಅದನ್ನೇ ಹೇಳಿ ಮನೆ ಬಿಡುತ್ತಿದ್ದಳು. ಕುಡುಕರು ಕಾಡುವ ಈ ಕತ್ತಲನ್ನು ದೊಡ್ಡಮುನಿಯಮ್ಮ ದಿನಾ ದಾಟುತ್ತಿದ್ದುದು ಆ ಹುಡುಗಿಯ ಜೊತೆಯಲ್ಲೇ. "ಬಾ ದೊಡ್ಡಮ್ಮ, ಸಿಗ್ನಲ್‌ವರ್ಗೂ ಬಿಡ್ತೀನಿ" ಎಂದು ಕೈ ಹಿಡಿಯುತ್ತಿದ್ದಳು.

ದೊಡ್ಡಮುನಿಯಮ್ಮ ಚೀಲ ತಡಕಿ ಕೊರಳಿಗೆ ಹಾಕುವ ಕಾರ್ಡು ತೆಗೆದು ತೋರಿಸಿದಳು. ಪೇದೆ ಆಸ್ಪತ್ರೆಯ ಹೆಸರಿನ ಮೇಲೆ ಟಾರ್ಚು ಬಿಟ್ಟ. ಫೋಟೊ ನೋಡುವ ಗೋಜಿಗೆ ಹೋಗಲಿಲ್ಲ.

"ಮೊದ್ಲೇ ತೋರ್ಸೋಕೇನಾಗಿತ್ತು ರೋಗ? ಮರ್ಯಾದಸ್ಥೆ ಅನ್ನೋದು ನಮ್ಗೆಂಗ್ ಗೊತ್ತಾಗ್ಬೇಕು? ಹೋಗ್ಹೋಗು."

ಆಮೇಲೆ ಭಾಗ್ಯಶ್ರೀಯ ಜಡೆ ಹಿಡಿದು ಜೀಪಿನತ್ತ ನೂಕಿದ. "ಹತ್ತೇ, ಸೂಳೆ." ಅವಳ ಒಂದು ಚಪ್ಪಲಿ ಕಳಚಿ ಮೋರಿಗೆ ಬಿತ್ತು.

ಹೋಗಿಬಿಡಬಹುದಿತ್ತು. ಬಿರಬಿರನೆ ನಡೆದರೆ ಇನ್ನೂ ಹೊತ್ತಿತ್ತು. ದೊಡ್ಡಮುನಿಯಮ್ಮ ನಾಲ್ಕು ಹೆಜ್ಜೆ ಹೋದಳು ಕೂಡ. ಆದರೆ ಪ್ಲಾಸ್ಟಿಕ್ಕಿನ ತುಂಡೊಂದು ಕೊಡಿಸಿದ ಆ ಮರ್ಯಾದೆ, ಮುದುಕಿ ಎಂದು ಬೈಸಿಕೊಂಡದ್ದಕ್ಕಿಂತ ಹೆಚ್ಚು ಉರಿಸಿತು. ತಿರುಗಿ ಬಂದು ಕಾರ್ಡನ್ನು ಭಾಗ್ಯಶ್ರೀಯ ಕೊರಳಿಗೆ ಹಾಕಿದಳು.

"ಈಗ ಇವ್ಳೂ ಮರ್ವಾದಸ್ತೆ. ಬುಡು."

"ತಿಮಿರೇನೇ? ಕಾರ್ಡಿಲ್ದೆ ನಿಂತ್ರೆ ನಿನ್ನೇ ಒಳಗಾಕ್ತೀನಿ."

"ಆಕ್ಲಾ. ನಿಮ್ಮವ್ವನ್ ವಯಸ್ಸು ನಂದು, ಆಕು."

"ಬ್ಯಾಡ ದೊಡ್ಡಮ್ಮ, ಕೆಲ್ಸ ಹೋಗ್ತದೆ," ಎಂದಳು ಭಾಗ್ಯಶ್ರೀ.

"ಓಗ್ಲಿ."

ಸೆರಗು ಸೊಂಟಕ್ಕೆ ಸಿಗಿಸಿ, ಮಂಡಿ ಒತ್ತಿಕೊಂಡು ತಾನೇ ಜೀಪು ಹತ್ತಿದಳು. ಎಸ್‌ಐ ಆಗ ತಲೆಯೆತ್ತಿದ. ಆಚೆ ಬಸ್‌ಸ್ಟಾಪಿನಲ್ಲಿದ್ದ ಜನ ಒಬ್ಬೊಬ್ಬರಾಗಿ ಹತ್ತಿರ ಬರುತ್ತಿದ್ದರು.

"ಏನಯ್ಯಾ ಇದು? ಇಳ್ಸು ಅವಳ್ನ, ಸುಮ್ನೆ ತಲೆನೋವು."

ಪೇದೆ ತೋಳು ಹಿಡಿದು ಎಳೆದ. ದೊಡ್ಡಮುನಿಯಮ್ಮ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ಇಳಿಯಾಕಿಲ್ಲ," ಎಂದಳು.