ಐದನೆಯ ಕಡ್ಡಿ

ಮಾಲೂರಿನ ಲೇತ್ ಕೆಲಸಗಾರ ರಹಮತ್ತುಲ್ಲಾ ನಾಲ್ಕು ಕೇಳಿದರೆ ಐದು ಕಡೆಯುವವನು. ಐದನೆಯದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡುತ್ತಿದ್ದ. ಯಾರಾದರೂ ಕೆಲಸದ ಮೇಲೆ ಮಾತು ತಂದರೆ ಅಳೆದು ತೋರಿಸಬಹುದು.

ಹತ್ತಿರದ ಮಾಸ್ತಿ ಊರಿನ ಅಶ್ವತ್ಥಪ್ಪನ ಮಗಳು ತ್ರಿವೇಣಿ, ಅಪ್ಪ ಮೇವು ಕತ್ತರಿಸುವ ಯಂತ್ರ ರಿಪೇರಿಗೆ ತಂದಾಗಲೆಲ್ಲ ಆ ಅಂಗಡಿಯಲ್ಲಿ ಆಡಿಕೊಂಡಿದ್ದವಳು. ಮೂರು ವರ್ಷದ ಹಿಂದೆ ತನ್ನ ಬೆಂಗಳೂರಿನ ಪ್ರಯೋಗಶಾಲೆಗೆ ನಾಲ್ಕು ಸ್ಟೀಲ್ ಕಡ್ಡಿ ಮಾಡಿಸಿದಳು. ಗಾಳಿ ತೆಗೆದ ಪಾತ್ರೆಯಲ್ಲಿ, ಆ ಕಡ್ಡಿಗಳ ನಡುವೆ, ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು, ವಿದ್ಯುತ್ತಿನ ಹಿಡಿತದಲ್ಲಿ ಎಲ್ಲೂ ತಾಗದೆ ತೇಲಬೇಕಿತ್ತು. ಲೇಸರ್ ಬೆಳಕು ಬಿದ್ದು ಅವು ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಾದವು, ಚುಕ್ಕೆಗಳಂತೆ ಹೊಳೆದವು. ಆದರೆ ಅಷ್ಟೇ ತಣ್ಣನೆಯ ಪರಮಾಣುಗಳನ್ನು ಒಳಗೆ ಬಿಟ್ಟೊಡನೆ ಚುಕ್ಕೆಗಳು ಒಂದೊಂದಾಗಿ ಆರಿಹೋದವು. ‘ಕಡ್ಡಿಗಳ ಅಳತೆ ತಪ್ಪು’ ಎಂದು ತ್ರಿವೇಣಿ ಸಹಿ ಹಾಕಿದ ಕಾಗದ ಬಂತು.

ರಹಮತ್ತುಲ್ಲಾ ಐದನೆಯದನ್ನು ಅಳೆದ. ಸರಿಯಿತ್ತು. ಕಣ್ಣೆದುರೇ ಬೆಳೆದ ಹುಡುಗಿ ಸುಮ್ಮನೆ ಬರೆಯುತ್ತಾಳೆಯೇ, ತನ್ನ ಕಣ್ಣೇ ಹೋಗಿರಬೇಕು ಎಂದುಕೊಂಡು ಅಳೆಯುವ ಮೈಕ್ರೋಮೀಟರ್ ಒಳಗಿಟ್ಟ. ಆಮೇಲೆ ಟ್ರ್ಯಾಕ್ಟರ್ ಬುಷ್‌ನಂಥ ಒರಟು ಕೆಲಸ ಬಿಟ್ಟು ನಾಜೂಕಿನದೇನನ್ನೂ ಕಡೆಯಲಿಲ್ಲ.

ಮೊನ್ನೆ ಮಧ್ಯಾಹ್ನ ತ್ರಿವೇಣಿ ಬಂದಳು.

“ಮಾಮಾ, ಆ ಐದನೇದು ಇದೆಯಾ? ನಮ್ಮದರಲ್ಲಿ ಒಂದು ಬಗ್ಗಿಹೋಯ್ತು.”

“ನನ್ನ ಕಡ್ಡಿ ಎಸೀಲಿಲ್ವೇನಮ್ಮ?”

ಅವಳು ನೆಲ ನೋಡಿದಳು. “ಅವೇ ಇರೋದು ಮಾಮಾ. ತಪ್ಪು ಅವುಗಳದ್ದಲ್ಲ. ಅಯಾನು, ಪರಮಾಣು ತಾಗಿ ಕೂಡ್ಕೊಂಡು ಬೇರೆ ಅಣು ಆಗ್ತಿತ್ತು. ಅದು ನಮ್ಮ ಲೇಸರ್‌ಗೆ ಹೊಳೆಯಲ್ಲ. ಅಷ್ಟು ತಣ್ಣಗಿದ್ರೂ ಕ್ರಿಯೆ ನಡೀತಿತ್ತು. ನನ್ನ ಪಿಎಚ್‌ಡಿ ಅದರ ಮೇಲೇ ಆಯ್ತು.”

“ಯಾವಾಗ ಗೊತ್ತಾಯ್ತು?”

“ಕಾಗದ ಕಳಿಸಿದ ಮುಂದಿನ ತಿಂಗಳು.”

ಟೀ ತಂದ ಹೆಂಡತಿ ಹಜೀರಾ ಬಾಗಿಲಲ್ಲೇ ನಿಂತಳು. “ಮೂರು ವರ್ಷದಿಂದ ಕಣ್ಣಾಸ್ಪತ್ರೆ ಸುತ್ತಾ ಇದಾರಮ್ಮ. ಏನೂ ಇಲ್ಲ ಅಂದ ಡಾಕ್ಟರನ್ನೆಲ್ಲ ಬದಲಾಯಿಸಿದ್ರು.”

“ಫೋನ್ ಮಾಡೋಕೆ ನಾಚಿಕೆ ಆಯ್ತು ಮಾಮಾ.”

“ಕಡ್ಡಿ ಕೇಳೋಕೆ ನಾಚಿಕೆ ಆಗ್ಲಿಲ್ಲ.”

ಅವನು ಐದನೆಯದನ್ನು ತಂದು ಮೇಜಿನ ಮೇಲಿಟ್ಟ, ಪಕ್ಕದಲ್ಲಿ ಒಂದು ಕಾಗದ. “ಅಳತೆ ಸರಿ ಇತ್ತು ಅಂತ ಬರೆದು ಸಹಿ ಹಾಕು. ತಗೊಂಡು ಹೋಗು.”

“ಹಂಗೆ ಬರೆದ್ರೆ, ಆಗ ಅಳೀದೇ ಬರೆದಿದ್ದೆ ಅಂತ ಆಗುತ್ತೆ.”

“ಅಳೆದಿರ್ಲಿಲ್ವಾ?”

ಅವಳು ಬ್ಯಾಗನ್ನು ಹೆಗಲಿಗೇರಿಸಿದಳು.

“ಟೀ ಕುಡಿ” ಎಂದ.

ಅವಳು ಕುಡಿದಳು. ಕಾಗದ, ಕಡ್ಡಿ ಎರಡನ್ನೂ ಮುಟ್ಟದೆ ಮಾಸ್ತಿ ಬಸ್ಸಿಗೆ ಹೊರಟಳು.

ರಹಮತ್ತುಲ್ಲಾ ಮೈಕ್ರೋಮೀಟರ್ ಹೊರತೆಗೆದು ಒರೆಸಿದ. ಕಡ್ಡಿಯನ್ನು ಬೆಳಕಿಗೆ ಹಿಡಿದು ಮತ್ತೆ ಅಳೆದ. ಮೂರು ವರ್ಷದ ಹಿಂದೆ ಕಂಡದ್ದೇ ಕಂಡಿತು.